ಹವಳದ ದಿಬ್ಬದ ಕೋಡಂಗಿ ಮೀನು

ಹಲಸಿನ ವ್ಯಾಪಾರಕ್ಕೆ ಹೆಸರಾದ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಸಮುದ್ರದ ಮಾತು ಬರುವುದೇ ಅಪರೂಪ. ಆದರೂ ಕಳೆದ ಬೇಸಿಗೆಯಲ್ಲಿ ನಮ್ಮ ಬಂಧುಗಳೊಬ್ಬರ ನಡುಮನೆಗೆ ಸಮುದ್ರದ ಎರಡು ಜೀವಗಳು ಬಂದಿದ್ದವು. ಮಗಳ ಹುಟ್ಟುಹಬ್ಬಕ್ಕೆಂದು ದೂರದ ನಗರದ ಅಂಗಡಿಯಿಂದ ತಂದ ಕಿತ್ತಳೆ ಬಣ್ಣದ, ಬಿಳಿಯ ಪಟ್ಟಿಯ ಮೀನುಗಳವು. ಕೊಳವೆಬಾವಿಯ ನೀರು ತುಂಬಿದ ಗಾಜಿನ ತೊಟ್ಟಿಗೆ ಬಿಟ್ಟರು. ಬೆಳಗಾಗುವಷ್ಟರಲ್ಲಿ ಎರಡೂ ಸತ್ತಿದ್ದವು. ಮೀನು ಬೇಯಿಸದ ಮನೆಯಲ್ಲಿ ಮೀನಿನ ಸಾವು! ಮಗು ಮಧ್ಯಾಹ್ನದವರೆಗೂ ಊಟ ಮುಟ್ಟಲಿಲ್ಲ.

ಅಂಗಡಿಯವರು ಹೇಳದೆ ಉಳಿಸಿದ ಮಾತು ಒಂದೇ: ಇದು ಉಪ್ಪುನೀರಿನ ಜೀವಿ. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಕಡಲಿನಲ್ಲಿ ಅದು ನೀರು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳಿಂದ ಹೊರಹಾಕುತ್ತದೆ. ಸಿಹಿನೀರಿನಲ್ಲಿ ಈ ಏರ್ಪಾಡು ತಲೆಕೆಳಗಾಗುತ್ತದೆ. ನೀರು ಮೈಯೊಳಗೆ ನುಗ್ಗಿ, ಲವಣ ಹೊರಕ್ಕೆ ಸೋರಿಹೋಗುತ್ತದೆ.

ಬೆರಳುದ್ದದ ಈ ಕೋಡಂಗಿ ಮೀನಿನ ಸಂಸಾರ ಬಲು ವಿಚಿತ್ರವಾದುದು. ಹವಳದ ದಿಬ್ಬಗಳಲ್ಲಿ ಹೂವಿನಂತೆ ಅರಳಿ ನಿಂತ ಒಂದು ಪ್ರಾಣಿಯುಂಟು. ಅದರ ಎಸಳುಗಳಂತಹ ಕೈಗಳು ಮುಟ್ಟಿದ ಸಣ್ಣ ಜೀವಿಗಳನ್ನು ಕುಟುಕುತ್ತವೆ. ಮೈಮೇಲಿನ ಲೋಳೆಯ ರಕ್ಷಣೆಯಿಂದ ಕೋಡಂಗಿ ಮೀನು ಮಾತ್ರ ಆ ಕೈಗಳ ನಡುವೆ ನಿರ್ಭಯವಾಗಿ ವಾಸಿಸುತ್ತದೆ. ಪ್ರತಿಯಾಗಿ, ಆ ಪ್ರಾಣಿಯನ್ನು ಕಚ್ಚಿ ತಿನ್ನಬರುವ ಮೀನುಗಳನ್ನು ಅಟ್ಟುತ್ತದೆ. ಹೆಣ್ಣು ಇಟ್ಟ ಮೊಟ್ಟೆಗಳಿಗೆ ವಾರವಿಡೀ ರೆಕ್ಕೆ ಬೀಸಿ ಕಾವಲಿರುವುದು ಹೆಚ್ಚಾಗಿ ಗಂಡು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದೇ ಹೆಣ್ಣು. ಅದು ಅಳಿದರೆ ಜೊತೆಗಿದ್ದ ಗಂಡೇ ಕೆಲಕಾಲದಲ್ಲಿ ಹೆಣ್ಣಾಗಿ ಮಾರ್ಪಡುತ್ತದೆ. ಈ ಮೀನನ್ನು ಮನೆಮಾತಾಗಿಸಿದ 2003ರ ‘ಫೈಂಡಿಂಗ್ ನೀಮೋ’ ಚಲನಚಿತ್ರದಲ್ಲಿ ಈ ಸಂಗತಿಯನ್ನು ಏಕೋ ಬಿಟ್ಟುಬಿಟ್ಟಿದ್ದಾರೆ.

ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಮಂಡಪಂನಲ್ಲಿ ಕೋಡಂಗಿ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಢಿಸಿದೆ. ಸಾಕಲೇಬೇಕೆನ್ನುವವರು ದಿಬ್ಬದಿಂದ ಹಿಡಿದುದನ್ನು ಬಿಟ್ಟು ಅಂತಹ ಮರಿಗಳನ್ನೇ ಕೇಳಿ ತರಬೇಕು. ಆದರೆ ಉಪ್ಪಿನ ಅಳತೆ, ನೀರಿನ ಶಾಖ, ಶುದ್ಧೀಕರಣ ಇವುಗಳನ್ನು ನಿತ್ಯ ನೋಡಿಕೊಳ್ಳುವ ವ್ಯವಧಾನ ಎಷ್ಟು ಮನೆಗಳಲ್ಲಿದೆ? ನನಗಂತೂ ನಂಬಿಕೆಯಿಲ್ಲ.

ಹವಳದ ಮೀನುಗಳನ್ನು ಅವುಗಳ ನೆಲೆಯಲ್ಲೇ ನೋಡಲು ನಮ್ಮ ರಾಜ್ಯದಲ್ಲೇ ಅವಕಾಶವಿದೆ. ಮುರ್ಡೇಶ್ವರಕ್ಕೆ ಯಾತ್ರೆ ಹೋದವರು ದಡದಲ್ಲಿ ನಿಂತು ಮರಳುತ್ತಾರೆ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಚಿಟ್ಟೆಮೀನು, ಗಿಳಿಮೀನುಗಳಿವೆ. ತರಬೇತಾದವರ ಜೊತೆಗೂಡಿ ಅಲ್ಲಿ ಮುಳುಗಿ ನೋಡುವ ಏರ್ಪಾಡೂ ಉಂಟು.

ನಮ್ಮ ಬಂಧುಗಳ ಗಾಜಿನ ತೊಟ್ಟಿ ಈಗ ಅಟ್ಟ ಸೇರಿದೆ. ಮುಂದಿನ ದಸರೆ ರಜೆಗೆ ಮುರ್ಡೇಶ್ವರಕ್ಕೆ ಕರೆದೊಯ್ಯಬೇಕೆಂದು ಮಗಳು ತಂದೆಯಿಂದ ಮಾತು ತೆಗೆದುಕೊಂಡಿದ್ದಾಳೆ.