ಮಳೆಗೆ ಕರಗುತ್ತಿರುವ ಬಂಗಲೆ

ಪುಣೆ ಬಳಿಯ ನಿಗಡಿಯ ಪ್ರಾಧಿಕರಣ ಬಡಾವಣೆಯಲ್ಲಿ ಬಂಗಲೆ ಕಟ್ಟಿಕೊಂಡವರಿಗೆ ಟೆರೇಸಿನ ಕಷ್ಟ ವಿವರಿಸಬೇಕಿಲ್ಲ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಮೂಲೆಯಲ್ಲಿ ತೇವ ಕಾಣಿಸಿಕೊಂಡು ಗೋಡೆಯ ಬಣ್ಣ ಹಕ್ಕಳೆ ಏಳುತ್ತದೆ. ಕೊನೆಗೆ ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ‘ಪತ್ರಾ’ ಹಾಕಿಸುವುದೇ. ಚೆಂದದ ಮನೆಗೆ ಇದೆಂಥ ತಗಡಿನ ಟೋಪಿ ಎಂದು ಗೊಣಗುವವರು ಸ್ಕಾಟ್ಲೆಂಡಿನ ಹಿಲ್ ಹೌಸ್ ನೋಡಬೇಕು. ಅಲ್ಲಿ ಇಡೀ ಬಂಗಲೆಗೇ ಶೆಡ್ಡು ಹಾಕಿದ್ದಾರೆ.

ಗ್ಲಾಸ್ಗೋದ ಪಶ್ಚಿಮಕ್ಕೆ, ಕ್ಲೈಡ್ ನದಿ ಅಗಲವಾಗಿ ಹರಡಿ ಕಡಲಿಗೆ ಸೇರುವ ಕಡೆ ಹೆಲೆನ್ಸ್‌ಬರ ಎಂಬ ಊರಿದೆ. 1858ರಲ್ಲಿ ರೈಲು ಬಂದ ಮೇಲೆ ಗ್ಲಾಸ್ಗೋದ ಸಿರಿವಂತರು ಇಲ್ಲಿ ಮನೆ ಕಟ್ಟಿಸತೊಡಗಿದರು. ಹಿಲ್ ಹೌಸ್ ಕಟ್ಟಿಸಿದ ಪ್ರಕಾಶಕ ವಾಲ್ಟರ್ ಬ್ಲ್ಯಾಕಿ ಅವರಲ್ಲೊಬ್ಬರು. ಮುಂಬೈಯ ಫೋರ್ಟಿನಲ್ಲೂ ಕಚೇರಿಯಿದ್ದ ಬ್ಲ್ಯಾಕಿ ಅಂಡ್ ಸನ್ ಇವರ ಕುಟುಂಬದ್ದೇ ಸಂಸ್ಥೆ. ಅದರ ಪಠ್ಯಪುಸ್ತಕ ನಮ್ಮ ಅಜ್ಜಂದಿರ ಕಾಲದ ಶಾಲೆಗಳಿಗೂ ಬರುತ್ತಿತ್ತು.

ಬ್ಲ್ಯಾಕಿ 1902ರಲ್ಲಿ ಕೆಲಸ ಒಪ್ಪಿಸಿದ್ದು ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ಎಂಬ ಮೂವತ್ತರ ಹರೆಯದ ವಾಸ್ತುಶಿಲ್ಪಿಗೆ. ಕೆಂಪು ಹೆಂಚು ಬೇಡ, ಗೋಡೆಗೆ ಮರದ ಪಟ್ಟಿಯ ಸಿಂಗಾರ ಬೇಡ, ಒರಟು ಗಾರೆಯ ಬೂದು ಗೋಡೆ, ಸ್ಲೇಟು ಕಲ್ಲಿನ ಮಾಡು ಸಾಕು ಎಂಬುದು ಮಾಲೀಕರ ಬೇಡಿಕೆ. ಮ್ಯಾಕಿಂಟಾಷ್ ಮೊದಲು ಆ ಕುಟುಂಬದ ಜೊತೆಗಿದ್ದು ಅವರ ದಿನಚರಿ ಗಮನಿಸಿದರು. ಒಳಗಿನ ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕ ಮೇಲಷ್ಟೇ ಹೊರಗೋಡೆಯ ನಕ್ಷೆ ತೋರಿಸಿದರು. ಎಲಿವೇಶನ್ ಮೊದಲು, ಅಡುಗೆಮನೆ ಆಮೇಲೆ ಎನ್ನುವ ಇಂದಿನ ಬಿಲ್ಡರುಗಳಿಗೆ ಇದು ಅರ್ಥವಾಗುವುದು ಕಷ್ಟ!

ಅದಕ್ಕೇ ಇರಬೇಕು, ಈ ಮನೆಯ ಕಿಟಕಿಗಳು ಒಂದರಂತೆ ಒಂದಿಲ್ಲ. ಒಳಗೆ ಎಲ್ಲಿ ಎಷ್ಟು ಬೆಳಕು ಬೇಕೋ ಅಲ್ಲಿ ಅಷ್ಟು ದೊಡ್ಡ ತೆರಪು. ಕೆಲಸದ ಮೇಲೆ ಬಂದವರು ಮನೆಯೊಳಕ್ಕೆ ನುಗ್ಗದಂತೆ ಪುಸ್ತಕದ ಕೋಣೆ ಬಾಗಿಲ ಬಳಿಯೇ ಇದೆ. ಗದ್ದಲದ ಮಕ್ಕಳಿಗೆ ಬೇರೊಂದು ಮಗ್ಗುಲು. ಕಪ್ಪು ಮರದ ಹಜಾರ ದಾಟಿ ಪಡಸಾಲೆಗೆ ಬಂದರೆ ತೋಟದ ಕಡೆಗೆ ಚಾಚಿಕೊಂಡ ಕಿಟಕಿಯ ಮೂಲೆ, ಕೂರಲು ಅಲ್ಲೇ ಆಸನ. ಮಲಗುವ ಕೋಣೆಯೆಲ್ಲ ಬಿಳಿ. ಆ ಬಿಳಿಯ ನಡುವೆ ಏಣಿಯಂತೆ ಬೆನ್ನುಳ್ಳ ಕಪ್ಪು ಕುರ್ಚಿ ನಿಂತಿದೆ. ಪಡಸಾಲೆಯ ಅಗ್ಗಿಷ್ಟಿಕೆಯ ಮೇಲಿನ ಫಲಕ ಮ್ಯಾಕಿಂಟಾಷರ ಪತ್ನಿ ಮಾರ್ಗರೆಟ್ ಮ್ಯಾಕ್‌ಡೊನಾಲ್ಡ್ ಅವರ ಕೈಕೆಲಸ. ಬ್ಲ್ಯಾಕಿ ಕುಟುಂಬ 1904ರಲ್ಲಿ ಒಕ್ಕಲು ಬಂತು.

ಮುಳುವಾದದ್ದು ಹೊರಮೈ. ಆ ನಾಡಿನ ಹಳೆಯ ಕಟ್ಟಡಗಳ ಒರಟು ಗಾರೆ ಸುಣ್ಣದ್ದು; ಹೀರಿದ ನೀರನ್ನು ಅದು ಗಾಳಿಗೆ ಬಿಟ್ಟುಕೊಡುತ್ತದೆ. ಮ್ಯಾಕಿಂಟಾಷ್ ಬಳಸಿದ್ದು ಆಗಿನ ಆಧುನಿಕ ಸಾಮಗ್ರಿಯಾದ ಪೋರ್ಟ್‌ಲ್ಯಾಂಡ್ ಸಿಮೆಂಟು. ಜೊತೆಗೆ ಗೋಡೆಯ ರೇಖೆ ಎಲ್ಲೂ ಕಡಿಯಬಾರದೆಂದು ಗೋಡೆಯ ತಲೆಗೆ ನೀರಿಳಿಸುವ ಕಲ್ಲನ್ನೂ ಹಲವೆಡೆ ಕೈಬಿಟ್ಟರು. ಸಿಮೆಂಟು ಬಿರುಕು ಬಿಟ್ಟಿತು, ನೀರು ಒಳಗಿಳಿಯಿತು, ಹೊರಬರಲು ದಾರಿಯಿಲ್ಲ. ಹನ್ನೆರಡು ತಿಂಗಳೂ ಮಳೆ ಸುರಿಯುವ ಊರಿನಲ್ಲಿ ಒಳಗಿನ ಮರಳುಗಲ್ಲು ನೂರು ವರ್ಷ ನೆನೆಯಿತು. ಮಂಗಳೂರಿನ ಯಾವ ಮೇಸ್ತ್ರಿಯೂ ಇದನ್ನು ಒಪ್ಪುತ್ತಿರಲಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯುವ ಮೊದಲೂ ಆಮೇಲೂ ಕರಾವಳಿಯ ಮನೆಗಳ ಸೂರು ಗೋಡೆಯಿಂದ ಮಾರುದೂರ ಮುಂದಕ್ಕೆ ಚಾಚಿಯೇ ಇರುತ್ತಿತ್ತು.

1982ರಿಂದ ಮನೆ ನೋಡಿಕೊಳ್ಳುತ್ತಿರುವ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ 2019ರಲ್ಲಿ ಅದರ ಸುತ್ತ ಉಕ್ಕಿನ ಚೌಕಟ್ಟು ನಿಲ್ಲಿಸಿತು. ವಿನ್ಯಾಸ ಕಾರ್ಮೊಡಿ ಗ್ರೋರ್ಕ್ ಸಂಸ್ಥೆಯದು. ಮೇಲೆ ಗಟ್ಟಿ ಮಾಡು, ಸುತ್ತಲೂ ಸುಮಾರು 3.2 ಕೋಟಿ ಉಕ್ಕಿನ ಬಳೆಗಳನ್ನು ಹೆಣೆದ ಪರದೆ. ಮಳೆಯ ಬಹುಪಾಲು ಹೊರಗೇ ಉಳಿಯುತ್ತದೆ, ಗಾಳಿ ಒಳಗೆ ಆಡಿ ಗೋಡೆಯನ್ನು ನಿಧಾನವಾಗಿ ಒಣಗಿಸುತ್ತದೆ. ಒಳಗಿನ ಅಟ್ಟಣಿಗೆ ಹತ್ತಿ ಜನ ಮಾಡಿನ ಮಟ್ಟದಿಂದಲೇ ಚಿಮಣಿಗಳನ್ನು ನೋಡಬಹುದು.

ಒಣಗಿದ ಮೇಲೆ ಯಾವ ಗಾರೆ? ಮ್ಯಾಕಿಂಟಾಷ್ ಆರಿಸಿದ್ದೆಂದು ಸಿಮೆಂಟನ್ನೇ ಮತ್ತೆ ಹಚ್ಚುವುದೋ, ಅವರ ಆಯ್ಕೆ ತಪ್ಪೆಂದು ಸುಣ್ಣಕ್ಕೆ ಮರಳುವುದೋ? ನನ್ನ ಮತ ಸುಣ್ಣಕ್ಕೆ. ಗೋಡೆಯ ತಲೆಗೊಂದು ಕಲ್ಲಿನ ಚಪ್ಪಡಿಯೂ ಇರಲಿ.