ದುಡಿಮೆ, ಮಗು ಮತ್ತು ಡಾಕ್ಟರಾಗುವ ಆಸೆ



ಡಾಕ್ಟರಾಗುವ ಬಾಗಿಲು ಹದಿನೆಂಟನೆಯ ವಯಸ್ಸಿನಲ್ಲಿ ಒಮ್ಮೆ ತೆರೆದು ಅಲ್ಲಿಗೇ ಮುಚ್ಚಿಕೊಳ್ಳುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಬೇರೂರಿದ ಭಾವನೆ. ಹನ್ನೆರಡನೆಯ ತರಗತಿ, ನೀಟ್ ಪರೀಕ್ಷೆ, ಸೀಟು ಸಿಕ್ಕಿದರೆ ಸರಿ, ಇಲ್ಲವಾದರೆ ಬೇರೆ ದಾರಿ. ನೀಟ್‌ಗಿದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದರು, ನಿಜ. ಆದರೆ ಹಗಲು ದುಡಿದು ಸಂಜೆ ಎಂ.ಬಿ.ಬಿ.ಎಸ್. ಓದುವ ಏರ್ಪಾಡು ನಮ್ಮಲ್ಲಿ ಇಲ್ಲ.

ಅಮೆರಿಕದಲ್ಲಿ ಕ್ರಮವೇ ಬೇರೆ. ಅಲ್ಲಿ ಮೊದಲು ಪದವಿ, ಆಮೇಲೆ ವೈದ್ಯಕೀಯ ಕಾಲೇಜು. ಇತಿಹಾಸ ಓದಿದವರೂ, ಅರ್ಥಶಾಸ್ತ್ರ ಓದಿದವರೂ ಅರ್ಜಿ ಹಾಕಬಹುದು. ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ ಇವುಗಳನ್ನು ಪ್ರಯೋಗಾಲಯ ಸಹಿತ ಓದಿರಬೇಕು. ಪದವಿಯಲ್ಲಿ ಇವನ್ನು ಓದದವರು ನಂತರ ಓದಿಕೊಳ್ಳುವ ತರಗತಿಗಳಿಗೆ ಪೋಸ್ಟ್‌ಬ್ಯಾಕ್ ಎನ್ನುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದು 1955ರಲ್ಲಿಯೇ ಶುರುವಾಯಿತು; ಬ್ರಿನ್ ಮಾರ್ ಕಾಲೇಜಿನಲ್ಲಿ 1972ರಲ್ಲಿ.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ನನ್ನ ಅಣ್ಣನ ಮಗಳಿಂದ. ಅಲ್ಲಿಯೇ ಹುಟ್ಟಿ ಬೆಳೆದವಳು, ಅರ್ಥಶಾಸ್ತ್ರದ ಪದವೀಧರೆ, ಒಂದು ಆಸ್ಪತ್ರೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ವಿಚ್ಛೇದನವಾಗಿ ಮೂರು ವರ್ಷ. ಆರು ವರ್ಷದ ಮಗನನ್ನು ಒಬ್ಬಳೇ ಸಾಕುತ್ತಿದ್ದಾಳೆ. ಮೂವತ್ತಮೂರನೆಯ ವಯಸ್ಸಿನಲ್ಲಿ ಡಾಕ್ಟರಾಗುತ್ತೇನೆ ಎಂದಾಗ ಬಂಧುಗಳಲ್ಲಿ ಹಲವರು ನಕ್ಕರು. ಅವಳು ಯಾರೊಂದಿಗೂ ವಾದಿಸಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆಯಲು ಕುಳಿತಳು. ನಿಮ್ಮಲ್ಲೂ ಅನೇಕರ ಅಕ್ಕ, ತಂಗಿ, ಗೆಳತಿಯರು ಆ ದೇಶದಲ್ಲಿದ್ದಾರೆ. ಆದುದರಿಂದ ಆ ಲೆಕ್ಕವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯ ಮಾತು ಕಹಿಯಾದದ್ದು. ಬಡ ವಿದ್ಯಾರ್ಥಿಗಳಿಗೆ ಅಲ್ಲಿನ ಸರಕಾರ ಕೊಡುವ ಪೆಲ್ ಗ್ರಾಂಟ್ ಎಂಬ ಧನಸಹಾಯ, ಒಮ್ಮೆ ಪದವಿ ಪಡೆದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಎಷ್ಟೇ ಕಷ್ಟದಲ್ಲಿದ್ದರೂ ಪೋಸ್ಟ್‌ಬ್ಯಾಕ್ ವಿದ್ಯಾರ್ಥಿನಿ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಹಾಗಾದರೆ ಹಣ ಎಲ್ಲಿಂದ? ಮೊದಲು ತಟ್ಟಬೇಕಾದ ಬಾಗಿಲು ದುಡಿಯುವ ಸಂಸ್ಥೆಯದು. ನೌಕರರ ಓದಿಗೆ ಸಂಸ್ಥೆ ವರ್ಷಕ್ಕೆ 5,250 ಡಾಲರ್‌ವರೆಗೆ ಕೊಟ್ಟರೆ ಅದಕ್ಕೆ ಆದಾಯ ತೆರಿಗೆ ಇಲ್ಲ. ಎಲ್ಲ ಸಂಸ್ಥೆಗಳೂ ಕೊಡುವುದಿಲ್ಲ. ಆಸ್ಪತ್ರೆಗಳು, ದೊಡ್ಡ ಕಂಪೆನಿಗಳು ಅನೇಕ ಕಡೆ ಕೊಡುತ್ತವೆ. ವಿಶ್ವವಿದ್ಯಾಲಯದಲ್ಲಿ ಗುಮಾಸ್ತೆಯಾಗಿದ್ದರೆ ಅಲ್ಲಿಯ ತರಗತಿಗಳೇ ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಸಿಗುವುದುಂಟು. ಕೆಲವರು ಇದಕ್ಕಾಗಿಯೇ ಕೆಲಸ ಬದಲಾಯಿಸುತ್ತಾರೆ.

ಎರಡನೆಯದು, ಎಲ್ಲಿ ಓದುವುದೆಂಬ ಆಯ್ಕೆ. ಹೆಸರಾಂತ ಖಾಸಗಿ ಕಾಲೇಜುಗಳ ಶುಲ್ಕ ಎದೆ ನಡುಗಿಸುವಂಥದ್ದು. ರಾಜ್ಯ ಸರಕಾರದ ವಿಶ್ವವಿದ್ಯಾಲಯಗಳಲ್ಲಿ ಆ ರಾಜ್ಯದ ನಿವಾಸಿಗಳಿಗೆ ಶುಲ್ಕ ಕಡಿಮೆ. ಕಮ್ಯುನಿಟಿ ಕಾಲೇಜುಗಳಲ್ಲಿ ಇನ್ನೂ ಕಡಿಮೆ, ಸಂಜೆ ತರಗತಿಗಳೂ ಇರುತ್ತವೆ. ಆದರೆ ಕಮ್ಯುನಿಟಿ ಕಾಲೇಜಿನ ವಿಜ್ಞಾನ ತರಗತಿಗಳನ್ನು ಕೆಲವು ವೈದ್ಯಕೀಯ ಕಾಲೇಜುಗಳು ಅಷ್ಟಾಗಿ ಮೆಚ್ಚುವುದಿಲ್ಲ. ಅರ್ಜಿ ಹಾಕಬೇಕೆಂದಿರುವ ಕಾಲೇಜುಗಳನ್ನು ಮೊದಲೇ ಕೇಳಿಕೊಳ್ಳುವುದು ಜಾಣತನ.

ಮೂರನೆಯದು, ತೆರಿಗೆಯ ವಿನಾಯಿತಿ. ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಎಂಬ ಸೌಲಭ್ಯದಲ್ಲಿ, ಕೈಯಿಂದ ಕಟ್ಟಿದ ಶುಲ್ಕದ ಮೊದಲ 10,000 ಡಾಲರ್‌ಗಳಲ್ಲಿ ಶೇಕಡಾ 20 ಭಾಗ, ಅಂದರೆ ಗರಿಷ್ಠ 2,000 ಡಾಲರ್, ಕಟ್ಟಬೇಕಾದ ತೆರಿಗೆಯಲ್ಲಿ ಕಡಿಮೆಯಾಗುತ್ತದೆ. ಒಂದೇ ಒಂದು ವಿಷಯ ಓದಿದರೂ ಸಾಕು. ಆದಾಯ ಹೆಚ್ಚಿದ್ದವರಿಗೆ ಇದು ಇಲ್ಲ. ಸಂಸ್ಥೆ ಕೊಟ್ಟ ಹಣಕ್ಕೂ ಇದು ಅನ್ವಯಿಸುವುದಿಲ್ಲ.

ಒಂದು ಲೆಕ್ಕ ನೋಡಿ. ವರ್ಷದ ಶುಲ್ಕ 8,000 ಡಾಲರ್ ಎಂದಿಟ್ಟುಕೊಳ್ಳೋಣ. ಸಂಸ್ಥೆ 5,250 ಕೊಟ್ಟಿತು. ಉಳಿದದ್ದು 2,750. ಅದರಲ್ಲಿ ಶೇಕಡಾ 20, ಅಂದರೆ 550 ತೆರಿಗೆಯಲ್ಲಿ ಉಳಿಯಿತು. ನಿಜವಾದ ಹೊರೆ 2,200. ತಿಂಗಳಿಗೆ 185 ಡಾಲರ್‌ಗೂ ಕಡಿಮೆ. ಬೆಟ್ಟದಂತೆ ಕಂಡದ್ದು ಹತ್ತಬಹುದಾದ ದಿಬ್ಬವಾಯಿತು.

ನಾಲ್ಕನೆಯದು ಸಾಲ. ವೈದ್ಯಕೀಯ ಕಾಲೇಜಿನ ಪ್ರವೇಶಕ್ಕೆ ಅಗತ್ಯವಾದ ತರಗತಿಗಳಿಗೆ, ಕನಿಷ್ಠ ಅರ್ಧ ಹೊರೆಯಷ್ಟಾದರೂ ಓದುತ್ತಿದ್ದರೆ, ಕೇಂದ್ರ ಸರಕಾರದ ಸಾಲ ಸಿಗುತ್ತದೆ. ಆದರೆ ಅದು ಸತತ 12 ತಿಂಗಳಿಗೆ ಮಾತ್ರ. ಸ್ವತಂತ್ರ ವಿದ್ಯಾರ್ಥಿಗೆ ಮಿತಿ 12,500 ಡಾಲರ್. ಸಾಮಾನ್ಯ ರಸಾಯನಶಾಸ್ತ್ರ ಮುಗಿಯದೆ ಸಾವಯವ ರಸಾಯನಶಾಸ್ತ್ರ ಓದುವಂತಿಲ್ಲವಾದ್ದರಿಂದ, ಕೆಲಸ ಮಾಡುತ್ತಾ ಓದುವವರಿಗೆ ಎರಡು ವರ್ಷವಾದರೂ ಬೇಕು. ಹಾಗಾಗಿ ಈ ಒಂದು ವರ್ಷದ ಸಾಲವನ್ನು ಹೊರೆ ಹೆಚ್ಚಿರುವ ವರ್ಷಕ್ಕೆ ಉಳಿಸಿಕೊಳ್ಳಬೇಕು. ಕ್ರೆಡಿಟ್ ಕಾರ್ಡಿನ ಮೇಲೆ ಓದುವುದಂತೂ ಬೇಡವೇ ಬೇಡ. ಮುಂದೆ ನಾಲ್ಕು ವರ್ಷದ ವೈದ್ಯಕೀಯ ಕಾಲೇಜಿನ ಸಾಲ ಕಾದಿದೆ. 2025ರ ಕಾನೂನಿನಂತೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವೈದ್ಯ ವಿದ್ಯಾರ್ಥಿಗಳಿಗೆ ಸರಕಾರದ ಸಾಲ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್ ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಅಲ್ಲಿಗೂ ಸಲ್ಲುತ್ತದೆ.

ಇಲ್ಲಿಂದ ಹೋಗುವ ನಿಮಗೊಂದು ಎಚ್ಚರಿಕೆಯ ಮಾತು. ಈ ಸರಕಾರಿ ಸಾಲ ಅಲ್ಲಿನ ಪೌರರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ವಿದ್ಯಾರ್ಥಿ ವೀಸಾ, ಎಚ್-1ಬಿ, ಎಚ್-4 ವೀಸಾದವರಿಗೆ ಇಲ್ಲ. ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದ ವೈದ್ಯಕೀಯ ಕಾಲೇಜುಗಳೂ ಬಹಳ. ಕನಸು ಕಾಣುವ ಮೊದಲು ಈ ಕಾಗದಪತ್ರದ ಮಾತು ತಿಳಿದಿರಲಿ.

ಇಷ್ಟೆಲ್ಲ ಬರೆದ ಮೇಲೆ ನನ್ನ ಸೊಸೆ ಫೋನಿನಲ್ಲಿ ಹೇಳಿದ್ದು ಹೀಗೆ: "ಅತ್ತೆ, ಕಾಲೇಜಿನ ಫೀಸಿಗೆ ದಾರಿ ಸಿಕ್ಕಿತು. ಪುಟ್ಟನನ್ನು ನೋಡಿಕೊಳ್ಳುವವರ ಫೀಸಿಗೆ ಸಿಗಲಿಲ್ಲ." ಮಗುವಿನ ಆರೈಕೆಗೆಂದು ಸಂಬಳದಿಂದ ತೆರಿಗೆಯಿಲ್ಲದೆ ಎತ್ತಿಡುವ ಖಾತೆ ಅಲ್ಲಿದೆ, 5,000 ಡಾಲರ್ ಇದ್ದ ಅದರ ಮಿತಿ 2026ರಿಂದ 7,500 ಆಗಿದೆ. ಆದರೆ ಅದು ತಾಯಿ ಕೆಲಸದಲ್ಲಿರುವ ವೇಳೆಗೆ ಮಾತ್ರ. ಸಂಜೆ ಆರರಿಂದ ಒಂಬತ್ತರವರೆಗೆ ಆಕೆ ಪ್ರಯೋಗಾಲಯದಲ್ಲಿದ್ದರೆ ಆ ವೇಳೆಯ ಖರ್ಚು ಅದರಲ್ಲಿ ಸೇರುವುದಿಲ್ಲ. ಹೆಚ್ಚಿನ ಡೇಕೇರ್‌ಗಳೂ ಅಷ್ಟು ಹೊತ್ತಿಗೆ ಮುಚ್ಚಿರುತ್ತವೆ. ಜ್ವರ ಬಂದ ಮಗುವಿನ ಪಕ್ಕ ಕುಳಿತು ಒಂದು ಪರೀಕ್ಷೆ ತಪ್ಪಿದರೆ, ಅಂಕ ಇಳಿದರೆ, ಅದು ಶುಲ್ಕಕ್ಕಿಂತ ದೊಡ್ಡ ನಷ್ಟ. ವೈದ್ಯಕೀಯ ಕಾಲೇಜು ಆ ಅಂಕಗಳನ್ನು ಎಂದೆಂದಿಗೂ ನೋಡುತ್ತದೆ.

ಆ ಮೂರು ಗಂಟೆಗಳನ್ನು ತುಂಬುವವರು ಯಾರು? ಇಲ್ಲಿಯೇ ನಮ್ಮ ಪಾತ್ರ ಬರುತ್ತದೆ. ಮಗಳ ಬಾಣಂತನಕ್ಕೆ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಂಡು ಆರು ತಿಂಗಳು ಅಮೆರಿಕಕ್ಕೆ ಹೋಗುವ ನಾವು, ಮಗಳ ಪರೀಕ್ಷೆಗೆ ಹೋಗಬಾರದೇ? ನನ್ನ ಅತ್ತಿಗೆ ಹಾಗೆಯೇ ಮಾಡಿದ್ದಾರೆ. ಬೇರೆ ಊರಿನಲ್ಲಿದ್ದ ಮನೆ ಬಿಟ್ಟು ಮಗಳ ಬಳಿಗೆ ಹೋಗಿದ್ದಾರೆ. ಮಂಗಳವಾರ, ಗುರುವಾರ ಸಂಜೆ ಮೊಮ್ಮಗನಿಗೆ ಸಾರು-ಅನ್ನ ಉಣಿಸಿ ಮಲಗಿಸುತ್ತಾರೆ. ಸಾಮಾನ್ಯ ರಸಾಯನಶಾಸ್ತ್ರದ ಮೊದಲ ಸೆಮಿಸ್ಟರ್ ಮುಗಿದಿದೆ. ಇನ್ನೂ ಎಂಕ್ಯಾಟ್ ಪರೀಕ್ಷೆ, ಅರ್ಜಿ, ಸಂದರ್ಶನ ಎಲ್ಲ ಬಾಕಿ. ಸೀಟು ಸಿಕ್ಕೀತೆಂಬ ಖಾತ್ರಿ ಯಾರೂ ಕೊಡಲಾರರು. ಕೈಗೂಡದಿದ್ದರೂ ಸಾಲ ಹೊರಲಾರದಷ್ಟು ಆಗದಂತೆ ಲೆಕ್ಕ ಹಾಕಿಕೊಂಡಿದ್ದಾಳೆ ಎಂಬುದೇ ನನಗೆ ಸಮಾಧಾನ.

ಮುಂಬಯಿಯ ಕನ್ನಡಿಗರಿಗೆ ಇದು ಹೊಸತೇನಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳ ಬೆಂಚಿನ ಮೇಲೆ ನಿದ್ದೆಗಣ್ಣಿನಲ್ಲಿ ಅಕ್ಷರ ಕಲಿತ ಹುಡುಗರು ಮುಂದೆ ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ನಿಮ್ಮಲ್ಲಿ ಕೆಲವರ ಅಜ್ಜಂದಿರು ಅವರೇ. ಅವರಿಗೆ ಒಂದು ಹೊತ್ತಿನ ಊಟ, ಮಲಗಲು ಜಾಗ ಕೊಟ್ಟ ಊರವರಿದ್ದರು.

ಇಂದು ದೂರ ದೇಶದಲ್ಲಿ ನಿಮ್ಮ ಅಕ್ಕನೋ ಗೆಳತಿಯೋ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮತ್ತೆ ಪುಸ್ತಕ ತೆರೆದರೆ, "ಈ ವಯಸ್ಸಿನಲ್ಲಿ ಯಾಕೆ?" ಎಂದು ಕೇಳಬೇಡಿ. "ಯಾವ ದಿನ ಪರೀಕ್ಷೆ?" ಎಂದು ಕೇಳಿ. ಅವಳಿಗೆ ಬೇಕಾಗಿರುವುದು ಆ ಪ್ರಶ್ನೆ.