ಒಂಟಿ ಸೈಕಲ್ ಸವಾರಿ: ಕಾಲಿಗಿಂತ ಮೊದಲು ದಣಿಯುವುದು ತಲೆ

2024ರ ಮಾರ್ಚ್ ತಿಂಗಳ ಒಂದು ಭಾನುವಾರ. ಮಧ್ಯಾಹ್ನ ಒಂದು ಗಂಟೆಗೆ ಮದ್ದೂರಿನ ನನ್ನ ಕ್ಲಿನಿಕ್ಕಿನ ಬಾಗಿಲು ಹಾಕುವ ಹೊತ್ತಿಗೆ ಒಂದು ಆಟೋ ಬಂದು ನಿಂತಿತು. ಅದರಿಂದ ಎಳನೀರು ಮಾರುವ ಹಿರಿಯರೊಬ್ಬರು ಸುಮಾರು ಇಪ್ಪತ್ತಾರು ವರ್ಷದ ಯುವಕನನ್ನು ಕೈಹಿಡಿದು ಇಳಿಸಿದರು. ಯುವಕನ ತಲೆಯ ಮೇಲೆ ಸೈಕಲ್ ಸವಾರರ ಹೆಲ್ಮೆಟ್ ಇತ್ತು. ಅಂಗಿಯ ಮೇಲೆ ಬೆವರಿನ ಉಪ್ಪು ಬಿಳಿಯ ಗೆರೆಗಳಾಗಿ ಒಣಗಿತ್ತು.

“ಡಾಕ್ಟ್ರೇ, ಈ ಹುಡುಗ ಎರಡು ಎಳನೀರು ಕುಡಿದು ದುಡ್ಡು ಕೊಟ್ಟ. ಐದು ನಿಮಿಷ ಬಿಟ್ಟು ಮತ್ತೆ ದುಡ್ಡು ಕೊಡೋಕೆ ಬಂದ. ಕೊಟ್ಟಿದ್ದೀಯಲ್ಲಪ್ಪ ಅಂದ್ರೆ ಇಲ್ಲ ಅಂತ ವಾದ ಮಾಡ್ತಾನೆ. ನಂಗ್ಯಾಕೋ ಸರಿ ಕಾಣ್ನಿಲ್ಲ” ಎಂದರು ಹಿರಿಯರು.

ಯುವಕ ಮಾತ್ರ “ನನಗೇನೂ ಆಗಿಲ್ಲ ಸರ್, ಸಾಯಂಕಾಲದೊಳಗೆ ಮೈಸೂರು ಸೇರಬೇಕು” ಎಂದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಪರೀಕ್ಷಿಸಿದೆ. ನಾಡಿಬಡಿತ ನಿಮಿಷಕ್ಕೆ 118. ರಕ್ತದೊತ್ತಡ 96/60. ಕೈಗಳು ನಡುಗುತ್ತಿದ್ದವು. ಜ್ವರಮಾಪಕ 100 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಬೆರಳ ತುದಿಯ ರಕ್ತದಲ್ಲಿ ಸಕ್ಕರೆ 48 ಮಿಲಿಗ್ರಾಂ ಇತ್ತು. ಅದು 70ಕ್ಕಿಂತ ಕೆಳಗಿಳಿಯಬಾರದು. ಮಲಗಿಸಿ, ಕಾಲುಗಳನ್ನು ಎತ್ತರಿಸಿ, ಗ್ಲೂಕೋಸ್ ನೀರು ಕುಡಿಸಿದೆವು. ಇಪ್ಪತ್ತು ನಿಮಿಷದಲ್ಲಿ ಆತನ ಮಾತು ಸರಿಹೋಯಿತು. ಆಗ ಆತ ಕೇಳಿದ ಮೊದಲ ಪ್ರಶ್ನೆ: “ಸರ್, ನಾನು ಇಲ್ಲಿಗೆ ಹೇಗೆ ಬಂದೆ?”

ಆ ಪ್ರಶ್ನೆಯೇ ಈ ವಾರದ ಲೇಖನಕ್ಕೆ ಕಾರಣ. ಇತ್ತೀಚೆಗೆ ಅನೇಕ ಯುವಕ ಯುವತಿಯರು ಒಬ್ಬೊಬ್ಬರೇ ಸೈಕಲ್ಲಿನಲ್ಲಿ ದೂರದೂರಿಗೆ ಹೊರಡುತ್ತಿದ್ದಾರೆ. ಇದು ಸಂತೋಷದ ವಿಷಯ. ಹೃದಯಕ್ಕೆ, ಸ್ನಾಯುಗಳಿಗೆ, ಮನಸ್ಸಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಸಿಗುವುದು ಅಪರೂಪ. ಆದರೆ ಒಂದು ದಿನದಲ್ಲಿ ನೂರು, ನೂರೈವತ್ತು ಕಿಲೋಮೀಟರ್ ಒಂಟಿಯಾಗಿ ತುಳಿಯುವವರು ಒಂದು ಸಂಗತಿಯನ್ನು ಮರೆಯಬಾರದು. ಕಾಲು ಸೋಲುವ ಮೊದಲೇ ಯೋಚಿಸುವ ಶಕ್ತಿ ಸೋಲಬಹುದು. ಅದು ಸೋತಿದೆ ಎಂಬುದು ಸೋತವನಿಗೇ ತಿಳಿಯುವುದಿಲ್ಲ.

ಆ ದಿನ ಆದದ್ದೇನು?

ಈ ಯುವಕ ಬೆಂಗಳೂರಿನಿಂದ ಮೈಸೂರು, ಅಲ್ಲಿಂದ ಮಡಿಕೇರಿ, ಮಂಗಳೂರು ಎಂದು ನಾಲ್ಕು ದಿನದ ಪ್ರವಾಸ ಹೊರಟಿದ್ದ. ಮೊದಲ ದಿನವೇ ಸುಮಾರು 145 ಕಿಲೋಮೀಟರ್. ಅದಕ್ಕೂ ಮೊದಲು ಆತ ಒಂದೇ ದಿನ ತುಳಿದಿದ್ದ ಅತಿ ಹೆಚ್ಚಿನ ದೂರ 50 ಕಿಲೋಮೀಟರ್. ಬೆಳಿಗ್ಗೆ ಐದಕ್ಕೆ ಹೊರಡಬೇಕಾದವನು ಏಳಕ್ಕೆ ಹೊರಟ. ಹೊಟ್ಟೆಯಲ್ಲಿದ್ದದ್ದು ಒಂದು ಲೋಟ ಕಾಫಿ, ಎರಡು ಬಿಸ್ಕತ್ತು. ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್‌ನಿಂದ ಸೈಕಲ್ಲಿಗೆ ಅವಕಾಶವಿಲ್ಲ. ಆದ್ದರಿಂದ ಸರ್ವಿಸ್ ರಸ್ತೆ ಮತ್ತು ಹಳೆಯ ದಾರಿ ಹಿಡಿದು ಬಿಡದಿ, ರಾಮನಗರ, ಚನ್ನಪಟ್ಟಣ ದಾಟಿದ. ಮದ್ದೂರಿಗೆ ಬರುವಷ್ಟರಲ್ಲಿ ಸುಮಾರು 80 ಕಿಲೋಮೀಟರ್ ಆಗಿತ್ತು. ದಾರಿಯಲ್ಲಿ ಕುಡಿದದ್ದು ಒಂದು ಲೀಟರ್ ನೀರು, ಕೊನೆಯಲ್ಲಿ ಎರಡು ಎಳನೀರು.

“ಚನ್ನಪಟ್ಟಣದವರೆಗೂ ತುಂಬಾ ಚೆನ್ನಾಗಿತ್ತು ಸರ್, ಅದಕ್ಕೇ ನಿಲ್ಲಿಸಲಿಲ್ಲ” ಎಂದ. ಚೆನ್ನಾಗಿಯೇ ಇರುತ್ತದೆ. ಬೆಂಗಳೂರಿಗಿಂತ ಮದ್ದೂರು ಇನ್ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಬೆಳಗಿನ ತಂಪು, ಇಳಿಜಾರು, ಹೊಸ ಹುರುಪು ಮೂರೂ ಸೇರಿ ಸವಾರನಿಗೆ ತಾನು ಬಲಶಾಲಿ ಎಂಬ ಭ್ರಮೆ ಹುಟ್ಟಿಸುತ್ತವೆ. ಮೈಸೂರಿನ ಕಡೆಗೆ ರಸ್ತೆ ಮತ್ತೆ ನಿಧಾನವಾಗಿ ಏರುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು ಬಂದಿರುತ್ತದೆ, ದೇಹದ ಉಗ್ರಾಣ ಬರಿದಾಗಿರುತ್ತದೆ.

ದೇಹದ ಉಗ್ರಾಣ

ನಾವು ತಿಂದ ಅನ್ನ, ರಾಗಿ, ಹಣ್ಣುಗಳ ಸಕ್ಕರೆಯನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಒಟ್ಟಿಗೆ ಇದು 2000 ಕ್ಯಾಲೊರಿಯಷ್ಟು ಶಕ್ತಿ. ಸಾಮಾನು ಹೊತ್ತ ಸೈಕಲ್ ತುಳಿಯುವವನಿಗೆ ಗಂಟೆಗೆ 400ರಿಂದ 500 ಕ್ಯಾಲೊರಿ ಬೇಕು. ಸ್ವಲ್ಪ ಭಾಗ ಕೊಬ್ಬಿನಿಂದ ಬರುತ್ತದೆ, ನಿಜ. ಆದರೂ ಐದಾರು ಗಂಟೆ ಏನೂ ತಿನ್ನದೆ ತುಳಿದರೆ ಲೆಕ್ಕ ತಪ್ಪುವುದು ಖಂಡಿತ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ನಾಯು ತನ್ನಲ್ಲಿಟ್ಟುಕೊಂಡ ಸಕ್ಕರೆಯನ್ನು ತಾನೇ ಬಳಸುತ್ತದೆ, ರಕ್ತಕ್ಕೆ ಹಿಂತಿರುಗಿಸುವುದಿಲ್ಲ. ರಕ್ತಕ್ಕೆ ಸಕ್ಕರೆ ಒದಗಿಸುವುದು ಮುಖ್ಯವಾಗಿ ಯಕೃತ್ತು. ಆ ಸಕ್ಕರೆಯನ್ನೇ ನೆಚ್ಚಿಕೊಂಡಿರುವುದು ಮೆದುಳು. ರಾತ್ರಿ ನಾವು ಮಲಗಿದ್ದಾಗಲೂ ಮೆದುಳು ಈ ದಾಸ್ತಾನನ್ನು ಖರ್ಚು ಮಾಡುತ್ತಿರುತ್ತದೆ. ಹೀಗಾಗಿ ಬೆಳಿಗ್ಗೆ ತಿಂಡಿ ತಿನ್ನದೆ ಹೊರಟವನ ಯಕೃತ್ತು ಮೊದಲೇ ಅರ್ಧ ಖಾಲಿ. ಕಾಲಿನಲ್ಲಿ ತುಳಿಯುವ ಶಕ್ತಿ ಉಳಿದಿರುವಾಗಲೇ ತಲೆಗೆ ಆಹಾರ ತಪ್ಪುತ್ತದೆ. ಬಿಸಿಲು ಮತ್ತು ನೀರಿನ ಕೊರತೆ ಸೇರಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಕೋಪ, ಮಂಕುತನ, ಹಟ, ಲೆಕ್ಕ ತಪ್ಪುವುದು, ದಾರಿ ತಪ್ಪುವುದು ಇವೇ ಮೊದಲ ಲಕ್ಷಣಗಳು. ಹಿಂದಿನಿಂದ ಬರುವ ಲಾರಿಯ ದೂರವನ್ನು ಅಂದಾಜು ಮಾಡಬೇಕಾದದ್ದೂ ಇದೇ ತಲೆ ಎಂಬುದನ್ನು ನೆನಪಿಡಿ.

ಜೊತೆಗಾರರಿದ್ದರೆ ಯಾರಾದರೂ ಗಮನಿಸುತ್ತಾರೆ. ಒಂಟಿ ಸವಾರನಿಗೆ ಆ ಕನ್ನಡಿ ಇರುವುದಿಲ್ಲ. ನಮ್ಮ ಯುವಕನಿಗೆ ಎಳನೀರಿನ ಹಿರಿಯರು ಕನ್ನಡಿಯಾದರು. ಪ್ರತಿ ಸಲವೂ ಅಂಥವರು ಸಿಗುತ್ತಾರೆಂದು ಹೇಳಲಾಗದು.

ಉತ್ತೇಜಕಗಳು ಬೇಡ

1967ರ ಜುಲೈ 13ರಂದು ‘ಟೂರ್ ದ ಫ್ರಾನ್ಸ್’ ಸ್ಪರ್ಧೆಯಲ್ಲಿ ಬ್ರಿಟನ್ನಿನ ಹೆಸರಾಂತ ಸವಾರ ಟಾಮ್ ಸಿಂಪ್ಸನ್ ಮಾಂಟ್ ವೆಂಟೂ ಬೆಟ್ಟ ಏರುವಾಗ ಸುಡುಬಿಸಿಲಿನಲ್ಲಿ ಕುಸಿದು ಬಿದ್ದರು. ಅವರನ್ನು ಮತ್ತೆ ಸೈಕಲ್ಲಿನ ಮೇಲೆ ಕೂರಿಸಲಾಯಿತು. ಸ್ವಲ್ಪ ದೂರ ಹೋಗಿ ಮತ್ತೆ ಬಿದ್ದವರು ಏಳಲಿಲ್ಲ. ಅವರ ದೇಹದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಮತ್ತು ಮದ್ಯದ ಅಂಶ ಪತ್ತೆಯಾಯಿತು. ದಣಿವು ದೇಹ ಬಾರಿಸುವ ಎಚ್ಚರಿಕೆಯ ಗಂಟೆ. ಔಷಧಿಯಿಂದ ಆ ಗಂಟೆಯ ಬಾಯಿ ಕಟ್ಟಿದರೆ ಅಪಾಯ ದೂರವಾಗುವುದಿಲ್ಲ. ಕಾಲುನೋವಿಗೆಂದು ದಾರಿಯಲ್ಲಿ ನೋವಿನ ಮಾತ್ರೆ ನುಂಗುವುದೂ ಸರಿಯಲ್ಲ. ದೇಹದಲ್ಲಿ ನೀರು ಕಡಿಮೆಯಿರುವಾಗ ಐಬುಪ್ರೊಫೆನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು.

ಏನು ತಿನ್ನಬೇಕು? ಎಷ್ಟು ಕುಡಿಯಬೇಕು?

ಹೊರಡುವ ಮೊದಲು ನಾಲ್ಕು ಇಡ್ಲಿಯೋ ಒಂದು ತಟ್ಟೆ ಅವಲಕ್ಕಿಯೋ ಹೊಟ್ಟೆಯಲ್ಲಿರಲಿ. ಆಮೇಲೆ ಹಸಿವಿಗಾಗಿ ಕಾಯಬೇಡಿ. ಗಡಿಯಾರ ನೋಡಿ ಮುಕ್ಕಾಲು ಗಂಟೆಗೊಮ್ಮೆ ಏನಾದರೂ ತಿನ್ನಿ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ದೇಹಕ್ಕೆ ಸೇರಬೇಕು. ಎರಡು ಏಲಕ್ಕಿ ಬಾಳೆಹಣ್ಣು, ಒಂದು ತುಂಡು ಕಡಲೆಕಾಯಿ ಚಿಕ್ಕಿ ತಿಂದರೆ ಇಷ್ಟು ದೊರೆಯುತ್ತದೆ. ದುಬಾರಿ ಪುಡಿಗಳ ಅಗತ್ಯವಿಲ್ಲ. ನಮ್ಮೂರಿನ ವಡೆಯ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಎಣ್ಣೆಯಲ್ಲಿ ಕರಿದದ್ದು ನಿಧಾನವಾಗಿ ಜೀರ್ಣವಾಗುತ್ತದೆ. ಸವಾರಿ ಮುಗಿದ ಮೇಲೆ ಧಾರಾಳವಾಗಿ ತಿನ್ನಿ.

ಬಿಸಿಲಿನಲ್ಲಿ ಗಂಟೆಗೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಬೆವರು ಹೋಗಬಹುದು. ಹಾಗೆಂದು ಬರೀ ನೀರನ್ನು ಲೀಟರುಗಟ್ಟಲೆ ಸುರಿದುಕೊಳ್ಳುವುದೂ ತಪ್ಪು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡ 13 ಮಂದಿಯಲ್ಲಿ ಸೋಡಿಯಂ ಅಂಶ ಕೆಳಗಿಳಿದಿತ್ತು. ಹೆಚ್ಚು ನೀರು ಕುಡಿದದ್ದೇ ಇದಕ್ಕೆ ಮುಖ್ಯ ಕಾರಣವಾಗಿತ್ತು. ಸೋಡಿಯಂ ತೀರಾ ಇಳಿದರೆ ತಲೆನೋವು, ವಾಂತಿ, ಫಿಟ್ಸ್ ಬರಬಹುದು. ಆದ್ದರಿಂದ ಬಾಯಾರಿಕೆಯನ್ನು ಕಡೆಗಣಿಸದೆ ಆಗಾಗ ನಾಲ್ಕು ಗುಟುಕು ಕುಡಿಯಿರಿ, ಜೊತೆಗೆ ಉಪ್ಪೂ ಇರಲಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಒಂದು ಬಾಟಲಿಯಲ್ಲಿ ಇಟ್ಟುಕೊಳ್ಳಿ. ಚಮಚ ಎಂದರೆ ಟೀ ಚಮಚ. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಅದನ್ನು ಸಂತೋಷವಾಗಿ ಕುಡಿಯಿರಿ, ಆದರೆ ಬೆವರಿನಲ್ಲಿ ಹೋದ ಉಪ್ಪನ್ನೆಲ್ಲ ಅದೇ ತುಂಬಿಕೊಡುತ್ತದೆಂದು ತಿಳಿಯಬೇಡಿ.

ಹಿಂದಿನ ರಾತ್ರಿಯೇ ತೀರ್ಮಾನಿಸಿ

ದಣಿದ ತಲೆ ಒಳ್ಳೆಯ ತೀರ್ಮಾನ ಮಾಡಲಾರದು. ಆದ್ದರಿಂದ ತೀರ್ಮಾನಗಳನ್ನು ಹಿಂದಿನ ರಾತ್ರಿ ಮನೆಯಲ್ಲೇ ಮಾಡಿ, ಒಂದು ಚೀಟಿಯಲ್ಲಿ ಬರೆದು ಸೈಕಲ್ಲಿನ ಹ್ಯಾಂಡಲಿಗೆ ಅಂಟಿಸಿ.

ಬೆಳಿಗ್ಗೆ ಐದಕ್ಕೆ ಹೊರಡುವುದು. ಬೇಸಿಗೆಯಲ್ಲಿ ಹನ್ನೊಂದೂವರೆಯಿಂದ ಮೂರೂವರೆಯವರೆಗೆ ನೆರಳಿನಲ್ಲಿ ವಿಶ್ರಾಂತಿ. ಯಾವ ಊರಿನಲ್ಲಿ ತಿಂಡಿ, ಯಾವ ಊರಿನಿಂದ ಮನೆಗೆ ಫೋನು. ಎಷ್ಟು ಗಂಟೆಗೆ ಯಾವ ಊರು ತಲುಪದಿದ್ದರೆ ಅಲ್ಲಿಗೇ ನಿಲ್ಲಿಸಿ ಬಸ್ಸು ಹತ್ತುವುದು. ಇದಿಷ್ಟು ಚೀಟಿಯಲ್ಲಿರಲಿ. ಸೂರ್ಯ ಮುಳುಗಿದ ಮೇಲೆ ಹೆದ್ದಾರಿಯಲ್ಲಿ ತುಳಿಯುವುದಿಲ್ಲ ಎಂದೂ ಬರೆದುಕೊಳ್ಳಿ. ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ. ಐವತ್ತರ ಅಭ್ಯಾಸವಿರುವವರು ಒಮ್ಮೆಲೇ ನೂರನಲವತ್ತೈದಕ್ಕೆ ಹಾರಬಾರದು.

ಮನೆಯವರಿಗೂ ಇಲ್ಲಿ ಕೆಲಸವಿದೆ. ಮಗನೋ ಮಗಳೋ ದಾರಿಯಿಂದ ಫೋನು ಮಾಡಿದಾಗ “ಹುಷಾರಾಗಿದ್ದೀಯಾ?” ಎಂದಷ್ಟೇ ಕೇಳಬೇಡಿ. “ಹೂಂ” ಎಂಬ ಉತ್ತರ ಯಾವಾಗಲೂ ಸಿದ್ಧವಿರುತ್ತದೆ. ಅದರ ಬದಲು ಮೂರು ಪ್ರಶ್ನೆ ಕೇಳಿ: ಕೊನೆಯದಾಗಿ ಏನು ತಿಂದೆ, ಎಷ್ಟು ಹೊತ್ತಿಗೆ? ಮೂತ್ರಕ್ಕೆ ಯಾವಾಗ ಹೋಗಿದ್ದೆ, ಬಣ್ಣ ಹೇಗಿತ್ತು? ಮುಂದಿನ ಊರು ಯಾವುದು, ಎಷ್ಟು ಕಿಲೋಮೀಟರ್? ಉತ್ತರ ತಡವರಿಸಿದರೆ, ಮಾತು ತೊದಲಿದರೆ, ಇಲ್ಲವೇ ಕಾರಣವಿಲ್ಲದೆ ರೇಗಿದರೆ ನೆರಳಿನಲ್ಲಿ ಕೂರಲು ಹೇಳಿ. ಹತ್ತಿರವಿರುವ ಯಾರಿಗಾದರೂ ಫೋನು ಕೊಡಲು ಹೇಳಿ, ಅವರೊಡನೆ ಮಾತನಾಡಿ.

ಯಾವಾಗ ಆಸ್ಪತ್ರೆಗೆ?

ಮೈ ಸುಡುತ್ತಿದ್ದು ಗೊಂದಲ, ತೊದಲು, ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ಅದನ್ನು ಬಿಸಿಲ ಹೊಡೆತವೆಂದೇ ತಿಳಿಯಿರಿ. ಬೆವರು ನಿಂತಿರಲೇಬೇಕೆಂದಿಲ್ಲ. ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ. 108ಕ್ಕೆ ಕರೆ ಮಾಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರನ್ನಾಗಲಿ ಸಕ್ಕರೆಯನ್ನಾಗಲಿ ಹಾಕಕೂಡದು. ಎದೆನೋವು, ನಿಲ್ಲದ ವಾಂತಿ, ಕಾಫಿ ಬಣ್ಣದ ಮೂತ್ರ ಕಂಡರೂ ತಡಮಾಡಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ ಇರುವವರು ತಮ್ಮ ವೈದ್ಯರನ್ನು ಕೇಳದೆ ಇಂಥ ಸವಾರಿಗೆ ಹೊರಡಬಾರದು. ಮೇಲೆ ಹೇಳಿದ ಉಪ್ಪಿನ ಸಲಹೆಯೂ ಇವರಿಗೆ ಹಾಗೇ ಅನ್ವಯಿಸುವುದಿಲ್ಲ.

ಆ ಯುವಕ ಅಂದು ಸೈಕಲ್ಲನ್ನು ಎಳನೀರಿನ ಅಂಗಡಿಯ ಹಿಂದೆ ಬಿಟ್ಟು ಬಸ್ಸಿನಲ್ಲಿ ಮನೆಗೆ ಹೋದ. ಹೋಗುವಾಗ ಮುಖ ಸಪ್ಪಗಿತ್ತು. ನಾಲ್ಕು ದಿನದ ಪ್ರವಾಸ ಅರ್ಧ ದಿನಕ್ಕೇ ಮುಗಿಯಿತಲ್ಲ ಎಂಬ ಬೇಸರ. ಅದೇ ವರ್ಷ ಡಿಸೆಂಬರಿನಲ್ಲಿ ಬೆಳಿಗ್ಗೆ ಹತ್ತೂವರೆಗೆ ಕ್ಲಿನಿಕ್ಕಿನ ಮುಂದೆ ಸೈಕಲ್ ನಿಲ್ಲಿಸಿ ಒಳಗೆ ಬಂದ. ಹ್ಯಾಂಡಲಿನ ಮೇಲೆ ಚೀಟಿ ಅಂಟಿತ್ತು, ಚೀಲದಲ್ಲಿ ಬಾಳೆಹಣ್ಣು ಇತ್ತು. ಸಂಜೆ ಮೈಸೂರಿನಿಂದ ಫೋನು ಮಾಡಿ ತಲುಪಿದೆ ಎಂದು ತಿಳಿಸಿದ. ಮಾರನೆಯ ದಿನ ಎಳನೀರಿನ ಹಿರಿಯರು ಸಿಕ್ಕಾಗ ನಕ್ಕು ಹೇಳಿದರು: “ಈ ಸಲ ಒಂದೇ ಸಲ ದುಡ್ಡು ಕೊಟ್ಟ ಡಾಕ್ಟ್ರೇ, ಚಿಲ್ಲರೆನೂ ಎಣಿಸಿ ತಗೊಂಡ.”